ಕಟ್ಟಿದ ಮೂಗಿಗೆ ಡ್ರಾಪ್ಸ್: ಎಷ್ಟು ಹನಿ, ಎಷ್ಟು ದಿನ, ಯಾರಿಗೆ ಬೇಡ

ನೆಗಡಿ ಕಾಲ ಬಂತೆಂದರೆ ಓದುಗರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. "ರಾತ್ರಿ ಮೂಗು ಕಟ್ಟಿ ನಿದ್ದೆಯೇ ಬರಲ್ಲ, ಯಾವ ಡ್ರಾಪ್ಸ್ ಹಾಕಲಿ?" "ಮೊದಲು ಎರಡು ಹನಿ ಸಾಕಾಗ್ತಿತ್ತು, ಈಗ ದಿನಕ್ಕೆ ಆರು ಸಲ ಹಾಕಿದರೂ ಮೂಗು ಬಿಡಲ್ಲ, ಯಾಕೆ?" "ಬಿಪಿ ಇದೆ, ನೆಗಡಿ ಮಾತ್ರೆ ತಗೋಬಹುದಾ?" "ಮಗುವಿಗೂ ನನ್ನ ಡ್ರಾಪ್ಸನ್ನೇ ಒಂದು ಹನಿ ಹಾಕಲಾ?"

ಕೊನೆಯ ಪ್ರಶ್ನೆಗೆ ಈಗಲೇ ಉತ್ತರ ಹೇಳಿಬಿಡುತ್ತೇನೆ: ಹಾಕಬೇಡಿ. ಯಾಕೆ ಅನ್ನುವುದು ಮಕ್ಕಳ ಭಾಗದಲ್ಲಿದೆ. ಉಳಿದವಕ್ಕೆಲ್ಲ ಒಂದೊಂದಾಗಿ ಬರೋಣ.

ಮೊದಲು, ಮೂಗು ಕಟ್ಟಿದಾಗ ಒಳಗೆ ಏನಾಗಿರುತ್ತದೆ?

ಮೂಗಿನ ತುಂಬ ಗೊಣ್ಣೆ ತುಂಬಿಕೊಂಡಿದೆ, ಅದಕ್ಕೇ ಉಸಿರು ಹೋಗುತ್ತಿಲ್ಲ ಎಂದು ನಾವು ಅಂದುಕೊಳ್ಳುತ್ತೇವೆ. ಎಷ್ಟು ಊದಿದರೂ ಮೂಗು ಬಿಡುವುದಿಲ್ಲ, ಅಲ್ವಾ? ಕಾರಣ ಇಷ್ಟೇ. ಹೊಳ್ಳೆಗಳ ಒಳಗೆ, ಪಕ್ಕದ ಗೋಡೆಯ ಮೇಲೆ ಮೆತ್ತನೆಯ ಮಡಿಕೆಗಳಿವೆ. ಅವುಗಳ ತುಂಬ ಸಣ್ಣ ಸಣ್ಣ ರಕ್ತನಾಳಗಳು. ನೆಗಡಿಯ ವೈರಸ್ ಬಂದಾಗ, ದೂಳು ಹೊಕ್ಕಾಗ ಈ ನಾಳಗಳಿಗೆ ರಕ್ತ ನುಗ್ಗಿ ಮಡಿಕೆಗಳು ಊದಿಕೊಳ್ಳುತ್ತವೆ. ದಾರಿ ಕಿರಿದಾಗುತ್ತದೆ. ಮಲಗಿದಾಗ ತಲೆಯ ಕಡೆಗೆ ರಕ್ತ ಜಾಸ್ತಿ ಬರುವುದರಿಂದ ರಾತ್ರಿ ತೊಂದರೆ ಹೆಚ್ಚು.

ಇನ್ನೊಂದು ವಿಷಯ. ಆರೋಗ್ಯವಾಗಿದ್ದಾಗಲೂ ಎರಡು ಹೊಳ್ಳೆಗಳು ಸಮಾನವಾಗಿ ತೆರೆದಿರುವುದಿಲ್ಲ. ಕೆಲವು ಗಂಟೆ ಎಡಗಡೆಯದು ಸ್ವಲ್ಪ ಕಟ್ಟಿರುತ್ತದೆ, ಆಮೇಲೆ ಬಲಗಡೆಯದು. ಇದು ಮೂಗಿನ ಸಹಜ ಪಾಳಿ. ಒಂದು ಹೊಳ್ಳೆ ಸ್ವಲ್ಪ ಬಿಗಿ ಅನ್ನಿಸಿದ ಮಾತ್ರಕ್ಕೆ ಔಷಧಿ ಬೇಕಿಲ್ಲ.

ಊದಿದ ಆ ರಕ್ತನಾಳಗಳನ್ನು ಕುಗ್ಗಿಸುವ ಔಷಧಿಗೆ ಡಿಕಂಜೆಸ್ಟೆಂಟ್ ಎನ್ನುತ್ತಾರೆ. ಮೂಗಿನ ಕಟ್ಟು ಬಿಡಿಸುವ ಔಷಧಿ ಎಂದು ತಿಳಿದುಕೊಳ್ಳಿ. ಇದು ವೈರಸ್ಸನ್ನು ಕೊಲ್ಲುವುದಿಲ್ಲ. ನೆಗಡಿಯನ್ನು ಒಂದು ದಿನವೂ ಬೇಗ ವಾಸಿ ಮಾಡುವುದಿಲ್ಲ. ನೆಗಡಿ ತನ್ನ ಪಾಡಿಗೆ 7ರಿಂದ 10 ದಿನದಲ್ಲಿ ಹೋಗುತ್ತದೆ. ಅಲ್ಲಿಯವರೆಗಿನ ಕೆಟ್ಟ ಒಂದೆರಡು ರಾತ್ರಿಗಳನ್ನು ಕಳೆಯಲು ಮಾತ್ರ ಈ ಔಷಧಿ.

1. ಅಂಗಡಿಯಲ್ಲಿ ಏನು ಕೊಡುತ್ತಿದ್ದಾರೆ, ನೋಡಿ ತಗೊಳ್ಳಿ

ಮೆಡಿಕಲ್ ಶಾಪಿನಲ್ಲಿ "ಮೂಗು ಕಟ್ಟಿದೆ, ಏನಾದ್ರೂ ಕೊಡಿ" ಎಂದರೆ ಎರಡು ಬಗೆಯದು ಸಿಗುತ್ತದೆ: ಮೂಗಿಗೆ ಹಾಕುವ ಬಾಟಲಿ, ಇಲ್ಲವೇ ನುಂಗುವ ಮಾತ್ರೆ. ಎರಡಕ್ಕೂ ತುಂಬ ವ್ಯತ್ಯಾಸವಿದೆ.

ಬಾಟಲಿಗಳಲ್ಲಿ ಸಾಮಾನ್ಯವಾಗಿ ಇರುವುದು ಆಕ್ಸಿಮೆಟಾಜೋಲಿನ್ ಅಥವಾ ಕ್ಸೈಲೋಮೆಟಾಜೋಲಿನ್. ಲೇಬಲ್ ಇಂಗ್ಲಿಷಿನಲ್ಲಿರುತ್ತದೆ. ಒಂದು ಹೆಸರು 'ಓ' ಅಕ್ಷರದಿಂದ, ಇನ್ನೊಂದು 'ಎಕ್ಸ್' ಅಕ್ಷರದಿಂದ ಶುರುವಾಗುತ್ತದೆ. ಎರಡೂ 'ಜೋಲಿನ್' ಎಂದು ಮುಗಿಯುತ್ತವೆ. ನಾಸಿವಿಯಾನ್, ಒಟ್ರಿವಿನ್ ಎಂಬ ಹೆಸರುಗಳನ್ನು ನೀವು ಕೇಳಿರುತ್ತೀರಿ. ಆದರೆ ಬ್ರ್ಯಾಂಡ್ ಹೆಸರು ಹೇಳಿದರೆ ಸಾಲದು. ಒಂದೇ ಬ್ರ್ಯಾಂಡಿನಲ್ಲಿ ಔಷಧಿಯ ಬಾಟಲಿಯೂ ಇರುತ್ತದೆ, ಬರೀ ಉಪ್ಪುನೀರಿನ ಬಾಟಲಿಯೂ ಇರುತ್ತದೆ. ಡಬ್ಬಿಗಳು ನೋಡಲು ಅಣ್ಣತಮ್ಮಂದಿರ ಹಾಗಿರುತ್ತವೆ. ಸೋಡಿಯಂ ಕ್ಲೋರೈಡ್ ಎಂದು ಮಾತ್ರ ಬರೆದಿದ್ದರೆ ಅದು ಉಪ್ಪುನೀರು. ಅದನ್ನು ಎಷ್ಟು ದಿನ ಬೇಕಾದರೂ ಹಾಕಬಹುದು. 'ಜೋಲಿನ್' ಕಂಡರೆ ಅದು ಔಷಧಿ, ಅದಕ್ಕೆ ದಿನದ ಲೆಕ್ಕವಿದೆ. ಈ ಲೇಖನದಲ್ಲಿ ನೀವು ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಇನ್ನು ಮಾತ್ರೆ. ನಮ್ಮಲ್ಲಿ ಸಿಗುವ ಹೆಚ್ಚಿನ ನೆಗಡಿ ಮಾತ್ರೆಗಳಲ್ಲಿ ಮೂರು ನಾಲ್ಕು ಔಷಧಿಗಳು ಒಟ್ಟಿಗೆ ಇರುತ್ತವೆ. ಜ್ವರ ಮತ್ತು ಮೈಕೈ ನೋವಿಗೆ ಪ್ಯಾರಾಸಿಟಮಾಲ್, ಸುರಿಯುವ ಮೂಗಿಗೆ ಕ್ಲೋರ್‌ಫೆನಿರಮಿನ್‌ನಂಥ ಅಲರ್ಜಿ ಔಷಧಿ, ಕಟ್ಟಿದ ಮೂಗಿಗೆ ಫಿನೈಲ್‌ಎಫ್ರಿನ್. ಈ ಫಿನೈಲ್‌ಎಫ್ರಿನ್ ಬಗ್ಗೆ ನಿಮಗೆ ಗೊತ್ತಿರಬೇಕು. ನುಂಗಿದಾಗ ಅದರ ಬಹುಪಾಲು ಕರುಳು ಮತ್ತು ಲಿವರಿನಲ್ಲೇ ಒಡೆದುಹೋಗುತ್ತದೆ. ಮೂಗಿನವರೆಗೆ ಬರುವುದು ತೀರಾ ಸ್ವಲ್ಪ. 2023ರ ಸೆಪ್ಟೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ತಜ್ಞರ ಸಮಿತಿ ಇದನ್ನು ಪರಿಶೀಲಿಸಿತು. ನುಂಗುವ ಫಿನೈಲ್‌ಎಫ್ರಿನ್ ಈಗಿನ ಪ್ರಮಾಣದಲ್ಲಿ ಮೂಗಿನ ಕಟ್ಟು ಬಿಡಿಸುವುದಿಲ್ಲ ಎಂದು ಹದಿನಾರು ಸದಸ್ಯರೂ ಒಮ್ಮತದಿಂದ ಹೇಳಿದರು. 2024ರ ನವೆಂಬರಿನಲ್ಲಿ, ಚೀಟಿಯಿಲ್ಲದೆ ಮಾರುವ ನೆಗಡಿ ಔಷಧಿಗಳಿಂದ ಇದನ್ನು ತೆಗೆಯುವ ಪ್ರಸ್ತಾವವನ್ನೂ ಎಫ್‌ಡಿಎ ಮುಂದಿಟ್ಟಿತು.

"ಆದರೆ ನನಗೆ ಮಾತ್ರೆ ತಗೊಂಡರೆ ಆರಾಮ ಆಗುತ್ತಲ್ಲ" ಎಂದು ನೀವು ಹೇಳಬಹುದು. ಆಗುತ್ತದೆ. ತಲೆಭಾರ ಇಳಿಸುವುದು ಪ್ಯಾರಾಸಿಟಮಾಲ್, ನಿದ್ದೆ ಬರಿಸುವುದು ಅಲರ್ಜಿ ಔಷಧಿ. ಮೂಗು ಕಟ್ಟಿರುವುದಷ್ಟೇ ನಿಮ್ಮ ತೊಂದರೆಯಾದರೆ ಈ ಮಾತ್ರೆಗೆ ದುಡ್ಡು ಹಾಕಬೇಡಿ. ಇದು ನನ್ನ ಖಚಿತ ಅಭಿಪ್ರಾಯ.

ಸ್ಯೂಡೋಎಫೆಡ್ರಿನ್ ಎಂಬ ಇನ್ನೊಂದು ನುಂಗುವ ಔಷಧಿಯಿದೆ. ಅದು ನಿಜವಾಗಿ ಮೂಗು ಬಿಡಿಸುತ್ತದೆ. ಜೊತೆಗೆ ಬಿಪಿ ಏರಿಸುತ್ತದೆ, ಎದೆ ಡವಡವ ಅನ್ನಿಸುತ್ತದೆ, ನಿದ್ದೆ ಕೆಡಿಸುತ್ತದೆ. ಅದರಿಂದ ಮೆಥಾಂಫೆಟಮಿನ್ ಎಂಬ ಮಾದಕ ವಸ್ತು ತಯಾರಿಸಬಹುದಾದ್ದರಿಂದ ಅಮೆರಿಕದಲ್ಲಿ ಅದನ್ನು ಕೌಂಟರಿನ ಹಿಂದೆ ಇಟ್ಟು, ಗುರುತಿನ ಚೀಟಿ ನೋಡಿ ಕೊಡುತ್ತಾರೆ. ಅಲ್ಲಿಂದ ಬರುವ ಮಗನೋ ಮಗಳೋ "ಸೈನಸ್‌ಗೆ ಒಳ್ಳೇದು" ಎಂದು ತಂದುಕೊಟ್ಟ ಮಾತ್ರೆಯಲ್ಲಿ ಇದು ಇರಬಹುದು. ಬಿಪಿ ಇರುವ ಅಪ್ಪ ಅಮ್ಮ ಡಾಕ್ಟರನ್ನು ಕೇಳದೆ ಅದನ್ನು ನುಂಗಬಾರದು. ಜಪಾನಿಗೆ ಹೋಗುವವರಿಗೂ ಒಂದು ಮಾತು: ಶೇಕಡಾ 10ಕ್ಕಿಂತ ಹೆಚ್ಚು ಸ್ಯೂಡೋಎಫೆಡ್ರಿನ್ ಇರುವ ಔಷಧಿಯನ್ನು ಆ ದೇಶದೊಳಕ್ಕೆ ಒಯ್ಯುವಂತಿಲ್ಲ.

ಪಂದ್ಯಗಳಲ್ಲಿ ಆಡುವವರು ಇನ್ನೂ ಹುಷಾರಾಗಿರಬೇಕು. 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ ರೊಮೇನಿಯಾದ ಜಿಮ್ನಾಸ್ಟ್ ಆಂಡ್ರಿಯಾ ರಡುಕಾನ್ ಚಿನ್ನದ ಪದಕ ಕಳೆದುಕೊಂಡಿದ್ದು ತಂಡದ ಡಾಕ್ಟರ್ ಕೊಟ್ಟ ನೆಗಡಿ ಮಾತ್ರೆಯಲ್ಲಿದ್ದ ಇದೇ ಔಷಧಿಯಿಂದ.

2. ಇದು ನಿಮಗೆ ಆಗುತ್ತದಾ?

ರಕ್ತನಾಳ ಕುಗ್ಗಿಸುವ ಔಷಧಿ ಮೂಗಿನಲ್ಲಿ ಮಾತ್ರ ಕೆಲಸ ಮಾಡಿ ಸುಮ್ಮನಾಗುವುದಿಲ್ಲ. ಸ್ವಲ್ಪ ರಕ್ತಕ್ಕೂ ಸೇರುತ್ತದೆ. ಮಾತ್ರೆಯಲ್ಲಿ ಇದು ಜಾಸ್ತಿ, ಡ್ರಾಪ್ಸಿನಲ್ಲಿ ಕಡಿಮೆ. ಹಾಗಾಗಿ ಕೆಳಗಿನವರು ಡಾಕ್ಟರನ್ನೋ ಫಾರ್ಮಸಿಸ್ಟನ್ನೋ ಕೇಳದೆ ಎರಡನ್ನೂ ತಗೊಳ್ಳಬೇಡಿ:

- ಬಿಪಿ ಅಥವಾ ಹೃದಯದ ತೊಂದರೆ ಇರುವವರು
- ಥೈರಾಯ್ಡ್ ಹೆಚ್ಚು ಕೆಲಸ ಮಾಡುವ ತೊಂದರೆ ಇರುವವರು
- ಶುಗರ್ ಇರುವವರು
- ಕಣ್ಣಿನ ಒತ್ತಡ ಏರುವ ಗ್ಲಾಕೋಮಾ ಇರುವವರು
- ಪ್ರಾಸ್ಟೇಟ್ ಗ್ರಂಥಿ ಊದಿ ಮೂತ್ರಕ್ಕೆ ಕಷ್ಟಪಡುವ ಗಂಡಸರು. ಒಂದೆರಡು ನೆಗಡಿ ಮಾತ್ರೆಗೇ ಮೂತ್ರ ಪೂರ್ತಿ ಕಟ್ಟಿಕೊಳ್ಳುವುದುಂಟು.
- ಖಿನ್ನತೆಗೆ ಅಥವಾ ಪಾರ್ಕಿನ್ಸನ್ ಕಾಯಿಲೆಗೆ ಮಾತ್ರೆ ತಗೊಳ್ಳುತ್ತಿರುವವರು. ಇವುಗಳಲ್ಲಿ ಎಂಎಒ ಇನ್ಹಿಬಿಟರ್ ಎಂಬ ಗುಂಪಿನ ಮಾತ್ರೆ ಇದ್ದರೆ, ನಿಲ್ಲಿಸಿ ಎರಡು ವಾರ ಆಗುವವರೆಗೂ ಡಿಕಂಜೆಸ್ಟೆಂಟ್ ಬೇಡವೇ ಬೇಡ. ಬಿಪಿ ಅಪಾಯದ ಮಟ್ಟಕ್ಕೆ ಏರಬಹುದು.

ಗರ್ಭಿಣಿಯರಿಗೆ ಬೇರೆಯೇ ಒಂದು ತೊಂದರೆ. ನೆಗಡಿ ಇಲ್ಲದೆಯೂ ಹಾರ್ಮೋನಿನಿಂದ ವಾರಗಟ್ಟಲೆ ಮೂಗು ಕಟ್ಟಿರುತ್ತದೆ. ಆಗ ಡ್ರಾಪ್ಸ್ ಶುರುಮಾಡಿದರೆ ಬಿಡುವುದು ಕಷ್ಟ. ಉಪ್ಪುನೀರು ಹಾಕಿ, ದಿಂಬು ಎತ್ತರಿಸಿ ಮಲಗಿ. ಅದಕ್ಕೂ ಮೀರಿದರೆ ನಿಮ್ಮ ಡಾಕ್ಟರನ್ನು ಕೇಳಿ.

3. ಔಷಧಿಗೆ ಮುಂಚೆ ಉಪ್ಪುನೀರು

ಗೊಣ್ಣೆ ತುಂಬಿದ ಮೂಗಿಗೆ ಡ್ರಾಪ್ಸ್ ಹಾಕಿದರೆ ಔಷಧಿ ಗೊಣ್ಣೆಯ ಮೇಲೆ ಬೀಳುತ್ತದೆ, ಮಡಿಕೆಗೆ ತಾಗುವುದಿಲ್ಲ. ಆದ್ದರಿಂದ ಮೊದಲು ಉಪ್ಪುನೀರು. ಅಂಗಡಿಯ ಉಪ್ಪುನೀರಿನ ಡ್ರಾಪ್ಸೋ ಸ್ಪ್ರೇಯೋ ಆದರೆ ಸುಲಭ. ಹಾಕಿ, ಒಂದೆರಡು ನಿಮಿಷ ಬಿಟ್ಟು, ಒಂದು ಹೊಳ್ಳೆ ಮುಚ್ಚಿ ಇನ್ನೊಂದರಿಂದ ಮೆಲ್ಲಗೆ ಊದಿ ಗೊಣ್ಣೆ ತೆಗೆಯಿರಿ. ಜೋರಾಗಿ ಊದಬೇಡಿ, ಕಿವಿಗೆ ಒತ್ತಡ ಬೀಳುತ್ತದೆ. ಎಷ್ಟೋ ಸಲ ಇಷ್ಟಕ್ಕೇ ಮೂಗು ಬಿಡುತ್ತದೆ, ಮುಂದಿನ ಹಂತವೇ ಬೇಕಾಗುವುದಿಲ್ಲ.

ಮನೆಯಲ್ಲಿ ಮಾಡಿಕೊಳ್ಳುವುದಾದರೆ ಒಂದು ಲೋಟ, ಅಂದರೆ ಸುಮಾರು 250 ಮಿಲಿ ನೀರಿಗೆ ಅರ್ಧ ಟೀ ಚಮಚಕ್ಕಿಂತ ತುಸು ಕಡಿಮೆ ಉಪ್ಪು, ಒಂದು ಚಿಟಿಕೆ ಅಡುಗೆ ಸೋಡಾ. ದಿನದಿನವೂ ಹೊಸದಾಗಿ ಮಾಡಿ. ನೀರು ಮಾತ್ರ ಕನಿಷ್ಠ ಒಂದು ನಿಮಿಷ ಕೊತಕೊತ ಕುದಿದು, ಆರಿದ್ದಾಗಿರಬೇಕು. ಜಲನೇತಿ ಮಾಡುವವರಿಗೂ ಇದೇ ಮಾತು. ನಲ್ಲಿ ನೀರು, ಬಾವಿ ನೀರು, ಬೋರ್‌ವೆಲ್ ನೀರನ್ನು ಹಾಗೇ ಮೂಗಿಗೆ ಬಿಡಬೇಡಿ. ಪಕ್ಕದ ಕೇರಳದಲ್ಲಿ ಇತ್ತೀಚಿನ ವರ್ಷಗಳಲ್ಲಿ ಮೆದುಳಿಗೆ ಸೋಂಕು ತರುವ ಅಮೀಬಾ ಪ್ರಕರಣಗಳ ಸುದ್ದಿ ಓದಿದ್ದೀರಲ್ಲ, ಆ ಅಮೀಬಾ ಹೊಕ್ಕುವುದು ಮೂಗಿನ ದಾರಿಯಲ್ಲೇ. ಕುಡಿದರೆ ಏನೂ ಮಾಡದ ನೀರು ಮೂಗಿನ ಮೇಲ್ಭಾಗಕ್ಕೆ ಹೋದರೆ ಜೀವಕ್ಕೇ ಅಪಾಯವಾಗಬಹುದು.

4. ಬಾಟಲಿ ತೆರೆದ ದಿನವನ್ನು ಅದರ ಮೇಲೇ ಬರೆಯಿರಿ

ಪೆನ್ ತಗೊಂಡು ಎರಡು ದಿನಾಂಕ ಬರೆಯಿರಿ. ಒಂದು ಇವತ್ತಿನದು. ಇನ್ನೊಂದು, ನಿಲ್ಲಿಸಬೇಕಾದ ದಿನದ್ದು, ಅಂದರೆ ಇವತ್ತಿನದನ್ನೂ ಸೇರಿಸಿ ಮೂರನೆಯ ದಿನ. ತೀರಾ ಅಂದರೆ ಐದು. ನೆಗಡಿಯ ಮಂಪರಿನಲ್ಲಿ ಯಾರಿಗೂ ದಿನ ಲೆಕ್ಕ ಸಿಗುವುದಿಲ್ಲ. ನಿನ್ನೆ ಶುರುಮಾಡಿದ್ದೋ ಮೊನ್ನೆಯೋ ಎಂದು ಮರೆತುಹೋಗುತ್ತದೆ. ಮುಂದೆ ಓದುವ ಅರ್ಧಕ್ಕರ್ಧ ತೊಂದರೆಗಳು ಈ ಒಂದು ಗೆರೆ ಬರೆಯದಿದ್ದಕ್ಕೆ ಆಗುವಂಥವು.

ಬಲ ಎಷ್ಟು ಅನ್ನುವುದನ್ನೂ ನೋಡಿ. ಆಕ್ಸಿಮೆಟಾಜೋಲಿನ್ ದೊಡ್ಡವರಿಗೆ ಶೇಕಡಾ 0.05, ಮಕ್ಕಳದ್ದು 0.025. ಕ್ಸೈಲೋಮೆಟಾಜೋಲಿನ್ ದೊಡ್ಡವರಿಗೆ ಶೇಕಡಾ 0.1, ಮಕ್ಕಳದ್ದು 0.05. ಗೊಂದಲ ಎಲ್ಲಿದೆ ನೋಡಿ: 0.05 ಎಂಬ ಅಂಕಿ ಒಂದು ಔಷಧಿಯಲ್ಲಿ ದೊಡ್ಡವರದು, ಇನ್ನೊಂದರಲ್ಲಿ ಮಕ್ಕಳದು. ಅಂಕಿ ಮಾತ್ರ ನೋಡಿ ಕೊಳ್ಳಬೇಡಿ, ಹೆಸರನ್ನೂ ಸೇರಿಸಿ ಓದಿ.

5. ಹಾಕುವ ಕ್ರಮ

ಬಹಳ ಮಂದಿ ಡ್ರಾಪ್ಸನ್ನೂ ಸ್ಪ್ರೇಯನ್ನೂ ಒಂದೇ ರೀತಿ ಹಾಕುತ್ತಾರೆ: ತಲೆ ಹಿಂದಕ್ಕೆ ಎತ್ತಿ, ಹಿಂಡಿ, ಜೋರಾಗಿ ಒಳಕ್ಕೆ ಎಳೆಯುವುದು. ಔಷಧಿಯೆಲ್ಲ ಗಂಟಲಿಗೆ ಇಳಿಯುತ್ತದೆ. ಕಹಿ ಅನ್ನಿಸಿತೆಂದರೆ ಮೂಗಿಗೆ ಬೀಳಬೇಕಾದದ್ದು ಹೊಟ್ಟೆಗೆ ಹೋಯಿತು ಎಂದೇ ಅರ್ಥ.

ಡ್ರಾಪ್ಸ್ ಆದರೆ, ಕೈ ತೊಳೆದುಕೊಂಡು ಮಂಚದ ಮೇಲೆ ಮಲಗಿ. ಭುಜದ ಕೆಳಗೆ ದಿಂಬು ಇಟ್ಟು ತಲೆ ಹಿಂದಕ್ಕೆ ವಾಲುವ ಹಾಗೆ ಮಾಡಿಕೊಳ್ಳಿ. ಡ್ರಾಪರಿನ ತುದಿ ಮೂಗಿಗೆ ತಾಗಬಾರದು. ತಾಗಿದರೆ ಗೊಣ್ಣೆಯ ರೋಗಾಣು ಬಾಟಲಿಯೊಳಕ್ಕೆ ಹೋಗುತ್ತದೆ. ಒಂದು ಹೊಳ್ಳೆಗೆ ಎರಡು ಮೂರು ಹನಿ ಹಾಕಿ, ಅದೇ ಪಕ್ಕಕ್ಕೆ ತಲೆ ಸ್ವಲ್ಪ ತಿರುಗಿಸಿ. ಹನಿ ಪಕ್ಕದ ಮಡಿಕೆಗಳ ಮೇಲೆ ಹರಿಯುತ್ತದೆ. ಒಂದು ನಿಮಿಷ ಹಾಗೇ ಇದ್ದು, ಇನ್ನೊಂದು ಕಡೆಗೆ ಹಾಕಿ. ಎರಡು ನಿಮಿಷ ಏಳಬೇಡಿ.

ಸ್ಪ್ರೇ ಆದರೆ ಮಲಗುವುದು ಬೇಡ. ಹೊಸ ಬಾಟಲಿಯಾದರೆ ಮಂಜಿನಂತೆ ಬರುವವರೆಗೆ ಗಾಳಿಗೆ ಎರಡು ಮೂರು ಸಲ ಒತ್ತಿ. ನೇರ ಕೂತು ತಲೆಯನ್ನು ತುಸು ಮುಂದಕ್ಕೆ ಬಾಗಿಸಿ. ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ ಹಾಕಿ. ಹೀಗೆ ಕೈ ಬದಲಿಸಿದರೆ ನಳಿಕೆಯ ತುದಿ ತಾನಾಗಿಯೇ ಹೊರಗಡೆಗೆ, ಅದೇ ಪಕ್ಕದ ಕಿವಿಯ ಕಡೆಗೆ ತಿರುಗುತ್ತದೆ. ಹೊಳ್ಳೆಗಳ ನಡುವಿನ ಗೋಡೆಗೆ ನೇರವಾಗಿ ಹೊಡೆದರೆ ಅಲ್ಲಿ ಒಣಗಿ ರಕ್ತ ಬರುತ್ತದೆ. ಒತ್ತುವಾಗ ಹೂವು ಮೂಸುವಷ್ಟು ಮೆಲ್ಲಗೆ ಉಸಿರು ಎಳೆದುಕೊಳ್ಳಿ. ಸಾಕು.

ಆಮೇಲೆ ತುದಿ ಒರೆಸಿ ಮುಚ್ಚಳ ಹಾಕಿ. ಒಬ್ಬರ ಬಾಟಲಿ ಒಬ್ಬರಿಗೇ. ಗಂಡ ಹೆಂಡತಿಯಾದರೂ ಹಂಚಿಕೊಳ್ಳಬೇಡಿ.

6. ದಿನಕ್ಕೆ ಎಷ್ಟು ಸಲ

ಆಕ್ಸಿಮೆಟಾಜೋಲಿನ್ 24 ಗಂಟೆಯಲ್ಲಿ ಎರಡೇ ಸಲ, ನಡುವೆ 10ರಿಂದ 12 ಗಂಟೆ ಅಂತರ. ಕ್ಸೈಲೋಮೆಟಾಜೋಲಿನ್ ಹೆಚ್ಚೆಂದರೆ ಮೂರು ಸಲ, ನಡುವೆ 8ರಿಂದ 10 ಗಂಟೆ. ನಿಮ್ಮ ಬಾಟಲಿಯ ಲೇಬಲಿನಲ್ಲಿ ಇದಕ್ಕಿಂತ ಕಡಿಮೆ ಬರೆದಿದ್ದರೆ ಲೇಬಲ್ ಹೇಳಿದ್ದೇ ಸರಿ. ಹಾಕಿದ 5ರಿಂದ 10 ನಿಮಿಷದಲ್ಲಿ ಮೂಗು ಬಿಡುತ್ತದೆ. ಬಿಡಲಿಲ್ಲವೆಂದು ಹತ್ತು ನಿಮಿಷಕ್ಕೆ ಇನ್ನೊಂದು ಸಲ ಹಾಕಬೇಡಿ.

ನನ್ನ ಸಲಹೆ ಇನ್ನೂ ಸರಳ. ರಾತ್ರಿ ಮಲಗುವ ಹತ್ತು ನಿಮಿಷ ಮುಂಚೆ ಒಂದು ಸಲ ಹಾಕಿ, ಹಗಲಿಗೆ ಉಪ್ಪುನೀರಿನಲ್ಲೇ ಕಳೆಯಿರಿ. ನಿದ್ದೆಯೇ ಅಲ್ಲವೇ ನಿಮಗೆ ಬೇಕಾಗಿರುವುದು? ವಿಮಾನ ಹತ್ತಬೇಕಾಗಿ ಬಂದಾಗ ಮಾತ್ರ, ಇಳಿಯಲು ಅರ್ಧ ಗಂಟೆ ಇದೆ ಎನ್ನುವಾಗ ಒಂದು ಸಲ ಸ್ಪ್ರೇ ಮಾಡಿಕೊಂಡರೆ ಕಿವಿನೋವು ಕಡಿಮೆಯಾಗಬಹುದು.

7. ಮಾತ್ರೆ ತಗೊಳ್ಳುವವರು ಪ್ಯಾರಾಸಿಟಮಾಲ್ ಲೆಕ್ಕ ಹಾಕಿ

ಜ್ವರವೂ ಇದೆ, ಮೂಗೂ ಸುರಿಯುತ್ತಿದೆ ಎಂದು ನೆಗಡಿ ಮಾತ್ರೆ ತಗೊಳ್ಳುತ್ತೀರಿ ಎಂದಿಟ್ಟುಕೊಳ್ಳಿ. ಅದರಲ್ಲಿ 500 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇದ್ದರೆ ದಿನಕ್ಕೆ ಮೂರಕ್ಕೆ 1500. ಜ್ವರ ಇಳಿಯಲಿಲ್ಲವೆಂದು ಜೊತೆಗೆ ನಾಲ್ಕು ಡೋಲೋ 650 ತಗೊಂಡರೆ ಅದು 2600. ಒಟ್ಟು 4100 ಮಿಲಿಗ್ರಾಂ. ಆರೋಗ್ಯವಂತ ದೊಡ್ಡವರಿಗೆ ದಿನದ ಗರಿಷ್ಠ ಮಿತಿಯೇ 4000. ಕುಡಿಯುವ ಅಭ್ಯಾಸ ಇರುವವರಿಗೆ, ಲಿವರ್ ತೊಂದರೆ ಇರುವವರಿಗೆ ಅದಕ್ಕಿಂತ ಎಷ್ಟೋ ಕಡಿಮೆ. ಗೊತ್ತಿಲ್ಲದೆಯೇ ಮಿತಿ ದಾಟಿಬಿಡುತ್ತೇವೆ, ಯಾಕೆಂದರೆ ಒಂದು ನೆಗಡಿ ಮಾತ್ರೆ, ಇನ್ನೊಂದು ಜ್ವರದ ಮಾತ್ರೆ ಎಂದು ನಮ್ಮ ಮನಸ್ಸು ಬೇರೆ ಬೇರೆ ಲೆಕ್ಕ ಇಟ್ಟಿರುತ್ತದೆ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ನೆಗಡಿ ಮಾತ್ರೆ ನುಂಗಿ ಗಾಡಿ ಓಡಿಸಬೇಡಿ, ಅಲರ್ಜಿ ಔಷಧಿ ತೂಕಡಿಕೆ ತರುತ್ತದೆ.

8. ಹಬೆ, ಮುಲಾಮು, ಎಣ್ಣೆ

ಹಬೆ ತಗೊಂಡರೆ ಹಿತ ಅನ್ನಿಸುತ್ತದೆ, ನಿಜ. ಆದರೆ ಕುದಿಯುವ ನೀರಿನ ಪಾತ್ರೆ ಮುಂದಿಟ್ಟು, ತಲೆಗೆ ಬೆಡ್‌ಶೀಟ್ ಹೊದ್ದು ಕೂರುವಾಗ ಪಾತ್ರೆ ಮಗುಚಿ ತೊಡೆ ಸುಟ್ಟುಕೊಂಡವರು ಬಹಳ. ಮಕ್ಕಳಿಗಂತೂ ಹೀಗೆ ಹಬೆ ಕೊಡಲೇಬೇಡಿ. ಬಿಸಿನೀರಿನ ಸ್ನಾನದ ಹೊತ್ತಿನ ಹಬೆಯೇ ಸಾಕು.

ಮೆಂಥಾಲ್ ಇರುವ ಮುಲಾಮು, ಇನ್‌ಹೇಲರುಗಳು ಊತ ಇಳಿಸುವುದಿಲ್ಲ. ಮೂಗಿನಲ್ಲಿ ತಂಪು ತಿಳಿಯುವ ನರಗಳನ್ನು ಎಬ್ಬಿಸಿ ಗಾಳಿ ಹೋಗುತ್ತಿದೆ ಎಂದು ಅನ್ನಿಸುವಂತೆ ಮಾಡುತ್ತವೆ. ದೊಡ್ಡವರು ಬಳಸಬಹುದು. ಎರಡು ವರ್ಷದೊಳಗಿನ ಮಕ್ಕಳಿಗೆ ಕರ್ಪೂರ, ಮೆಂಥಾಲ್ ಇರುವ ಮುಲಾಮು ಹಚ್ಚಬೇಡಿ. ಯಾರ ಮೂಗಿನೊಳಗೂ ಹಚ್ಚಬೇಡಿ. ಕಾಳುಮೆಣಸಿನ ಕಷಾಯ, ಬಿಸಿ ಸಾರು ಕುಡಿಯಿರಿ, ಗಂಟಲಿಗೂ ಮನಸ್ಸಿಗೂ ಒಳ್ಳೆಯದು.

9. ಮಕ್ಕಳು

ಆರು ವರ್ಷದೊಳಗಿನ ಮಕ್ಕಳಿಗೆ 'ಜೋಲಿನ್' ಡ್ರಾಪ್ಸನ್ನು ನೀವಾಗಿ ಹಾಕಬೇಡಿ. 6ರಿಂದ 12 ವರ್ಷದವರಿಗೂ ಡಾಕ್ಟರ್ ಹೇಳಿದರೆ ಮಾತ್ರ, ಮಕ್ಕಳ ಬಲದ್ದು ಮಾತ್ರ.

ಈ ಬಾಟಲಿ ಎಷ್ಟು ಚಿಕ್ಕದೋ ಅಷ್ಟೇ ಅಪಾಯದ್ದು. 2012ರ ಅಕ್ಟೋಬರಿನಲ್ಲಿ ಎಫ್‌ಡಿಎ ಒಂದು ಎಚ್ಚರಿಕೆ ಕೊಟ್ಟಿತು. ಇದೇ ಗುಂಪಿನ ಮೂಗಿನ ಸ್ಪ್ರೇ ಮತ್ತು ಕಣ್ಣಿನ ಡ್ರಾಪ್ಸನ್ನು ಒಂದು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳು ಅಕಸ್ಮಾತ್ ಕುಡಿದ 96 ಪ್ರಕರಣಗಳನ್ನು ಅದು 1985ರಿಂದ ಅಲ್ಲಿಯವರೆಗೆ ಗುರುತಿಸಿತ್ತು. 1ರಿಂದ 2 ಮಿಲಿ ಒಳಗೆ ಹೋದರೂ ಮಗುವಿಗೆ ಮಂಪರು ಕವಿದು, ಎದೆಬಡಿತ ನಿಧಾನವಾಗಿ, ಪ್ರಜ್ಞೆಯೂ ತಪ್ಪಬಹುದು. 1 ಮಿಲಿ ಅಂದರೆ ಟೀ ಚಮಚದ ಐದನೆಯ ಒಂದು ಭಾಗ. ದಿಂಬಿನ ಪಕ್ಕ, ಕಿಟಕಿ ಮೇಲೆ ಇಡಬೇಡಿ, ಬೀರುವಿನ ಮೇಲಿನ ಅರೆಯಲ್ಲಿಡಿ. ಮಗು ಕುಡಿದಿದೆ ಎಂಬ ಅನುಮಾನ ಬಂದರೂ ಬಾಟಲಿ ಸಮೇತ ತಕ್ಷಣ ಆಸ್ಪತ್ರೆಗೆ ಓಡಿ, ಲಕ್ಷಣ ಬರಲಿ ಎಂದು ಕಾಯಬೇಡಿ.

ನೆಗಡಿ ಸಿರಪ್ಪುಗಳ ಬಗ್ಗೆಯೂ ಸರ್ಕಾರ ಸ್ಪಷ್ಟವಾಗಿ ಹೇಳಿದೆ. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲ್‌ಎಫ್ರಿನ್ ಸೇರಿಸಿದ ಔಷಧಿಯನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಎಂದು ಲೇಬಲಿನಲ್ಲಿ ಬರೆಯಬೇಕೆಂದು ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲಿ ಆದೇಶಿಸಿದರು. 2025ರ ಅಕ್ಟೋಬರಿನಲ್ಲಿ ಮಧ್ಯಪ್ರದೇಶದಲ್ಲಿ ವಿಷ ಬೆರೆತ ಸಿರಪ್ ಕುಡಿದು ಮಕ್ಕಳು ತೀರಿಕೊಂಡಾಗ ಕೇಂದ್ರ ಆರೋಗ್ಯ ಇಲಾಖೆ ಸಲಹೆ ಹೊರಡಿಸಿತು: ಎರಡು ವರ್ಷದೊಳಗಿನವರಿಗೆ ಕೆಮ್ಮು ನೆಗಡಿ ಔಷಧಿ ಬೇಡ, ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಬೇಡ. ಹೋದ ಸಲದ ಚೀಟಿ ತೋರಿಸಿ ಅದೇ ಸಿರಪ್ ತರುವ ಅಭ್ಯಾಸವನ್ನು ದಯವಿಟ್ಟು ಬಿಟ್ಟುಬಿಡಿ.

ಹಾಗಾದರೆ ಕೂಸಿಗೆ ಏನು ಮಾಡುವುದು? ಎಳೆಗೂಸುಗಳು ಹೆಚ್ಚಾಗಿ ಮೂಗಿನಿಂದಲೇ ಉಸಿರಾಡುತ್ತವೆ, ಅದಕ್ಕೇ ಮೂಗು ಕಟ್ಟಿದರೆ ಹಾಲು ಕುಡಿಯಲು ಒದ್ದಾಡುತ್ತವೆ. ಹಾಲು ಕುಡಿಸುವ ಸ್ವಲ್ಪ ಮುಂಚೆ ಅಂಗಡಿಯ ಉಪ್ಪುನೀರಿನ ಡ್ರಾಪ್ಸ್ ಒಂದೊಂದು ಹೊಳ್ಳೆಗೆ ಒಂದೆರಡು ಹನಿ ಹಾಕಿ, ಮೆತ್ತಗಾದ ಗೊಣ್ಣೆಯನ್ನು ಬಟ್ಟೆಯಿಂದ ಒರೆಸಿ. ಕೂಸುಗಳಿಗೆ ಮನೆಯಲ್ಲಿ ಕಲಸಿದ ಉಪ್ಪುನೀರು ಬೇಡ, ಉಪ್ಪು ಹೆಚ್ಚು ಕಡಿಮೆ ಆಗುತ್ತದೆ. ಅಜ್ಜಿ ಹೇಳಿದರೂ ಎಣ್ಣೆ, ತುಪ್ಪ ಮೂಗಿಗೆ ಬಿಡಬೇಡಿ. ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಅಜ್ಜಿಗೆ ಬೇಜಾರಾಗದ ಹಾಗೆ ಹೇಳಿ, ಆದರೆ ಹೇಳಿ.

10. ಯಾವಾಗ ಡಾಕ್ಟರ್ ಹತ್ತಿರ ಹೋಗಬೇಕು

ಹತ್ತು ದಿನವಾದರೂ ಕಡಿಮೆಯಾಗದಿದ್ದರೆ, ಅಥವಾ ಕಡಿಮೆಯಾಗಿ ಮತ್ತೆ ಜ್ವರ, ಮುಖದ ನೋವಿನೊಂದಿಗೆ ಜೋರಾದರೆ ಹೋಗಿ. ಯಾವಾಗಲೂ ಒಂದೇ ಕಡೆ ಕಟ್ಟುತ್ತಿದ್ದರೆ, ಅದರಲ್ಲೂ ರಕ್ತ ಬರುತ್ತಿದ್ದರೆ ತಡ ಮಾಡಬೇಡಿ. ಕಣ್ಣಿನ ಸುತ್ತ ಊತ, ದೃಷ್ಟಿ ಮಂಜು, ತಡೆಯಲಾಗದ ತಲೆನೋವು ಬಂದರೆ ಅವತ್ತೇ ಹೋಗಿ. ಶುಗರ್ ಇರುವವರಿಗೆ ಮುಖದ ಒಂದು ಕಡೆ ನೋವು ಅಥವಾ ಜೋಮು, ಮೂಗಿನಿಂದ ಕಪ್ಪು ಬಣ್ಣದ ಸ್ರಾವ ಕಂಡರೆ ಅದೂ ತುರ್ತು. 2021ರಲ್ಲಿ ಕೋವಿಡ್ ನಂತರ ನಮ್ಮ ಊರುಗಳಲ್ಲೆಲ್ಲ ಹೆದರಿಸಿದ ಕಪ್ಪು ಶಿಲೀಂಧ್ರ ಶುರುವಾಗುತ್ತಿದ್ದುದು ಹೀಗೆಯೇ.

ಮಗುವಿಗೆ ಒಂದೇ ಹೊಳ್ಳೆಯಿಂದ ಗಬ್ಬು ವಾಸನೆಯ ಗೊಣ್ಣೆ ಬರುತ್ತಿದ್ದರೆ ಅದು ನೆಗಡಿಯಲ್ಲ. ಕಡಲೆಬೀಜ, ಮಣಿ, ಸ್ಪಂಜಿನ ಚೂರು ಏನೋ ಒಳಗೆ ಸಿಕ್ಕಿಕೊಂಡಿದೆ. ಗುಂಡಿಯಂಥ ಬ್ಯಾಟರಿಯಾದರೆ ಕೆಲವೇ ಗಂಟೆಯಲ್ಲಿ ಒಳಗೆ ಸುಟ್ಟುಹೋಗುತ್ತದೆ. ಮನೆಯಲ್ಲಿ ಪಿನ್ ಹಾಕಿ ತೆಗೆಯಲು ಹೋಗದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಬೆಂಗಳೂರಿನ ಓದುಗರು ಕೇಳುವುದು ಇನ್ನೊಂದು: ವರ್ಷವಿಡೀ ಬೆಳಿಗ್ಗೆ ಎದ್ದೊಡನೆ ಸಾಲು ಸೀನು, ಕಟ್ಟಿದ ಮೂಗು, ತುರಿಸುವ ಕಣ್ಣು. ಇದು ಅಲರ್ಜಿ. ದೂಳು ಇರಬಹುದು, ಖಾಲಿ ಸೈಟುಗಳಲ್ಲಿ ಬೆಳೆಯುವ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ ಇರಬಹುದು. ವರ್ಷವಿಡೀ ಇರುವ ತೊಂದರೆಗೆ ಮೂರು ದಿನದ ಔಷಧಿ ಹೇಗೆ ಸಾಕಾಗುತ್ತದೆ? ಅದಕ್ಕೆ ಬೇರೆ ಸ್ಪ್ರೇ ಇದೆ, ಮುಂದೆ ಹೇಳುತ್ತೇನೆ.

11. ಈಗಾಗಲೇ ಡ್ರಾಪ್ಸ್ ಬಿಡಲಾಗದೆ ಒದ್ದಾಡುತ್ತಿರುವವರಿಗೆ

ಎರಡನೆಯ ಪ್ರಶ್ನೆ ಕೇಳಿದವರು ನೀವೇ. ನಿಮಗೆ ಹೇಳಬೇಕಾದದ್ದು ತುಂಬ ಇದೆ.

ರಕ್ತನಾಳಗಳನ್ನು ದಿನಾ ಒತ್ತಾಯದಿಂದ ಕುಗ್ಗಿಸುತ್ತಿದ್ದರೆ ಅವು ಔಷಧಿಯ ಮಾತು ಕೇಳುವುದನ್ನು ನಿಲ್ಲಿಸುತ್ತವೆ. ಔಷಧಿ ಇಳಿಯುತ್ತಿದ್ದ ಹಾಗೆ ಮೊದಲಿಗಿಂತ ಜಾಸ್ತಿ ಊದಿಕೊಳ್ಳುತ್ತವೆ. ನೀವು ಮತ್ತೆ ಹಾಕುತ್ತೀರಿ. ಅದು ಮತ್ತೆ ಊದುತ್ತದೆ. 12 ಗಂಟೆ ಬರುತ್ತಿದ್ದ ಆರಾಮ ಆರು ಗಂಟೆಗೆ ಇಳಿಯುತ್ತದೆ, ಆಮೇಲೆ ಎರಡಕ್ಕೆ. ನೆಗಡಿ ಯಾವತ್ತೋ ಹೋಗಿರುತ್ತದೆ, ಮೂಗು ಕಟ್ಟುತ್ತಿರುವುದು ಡ್ರಾಪ್ಸಿನಿಂದಲೇ. ಡಾಕ್ಟರುಗಳು ಇದಕ್ಕೆ ರೈನೈಟಿಸ್ ಮೆಡಿಕಮೆಂಟೋಸಾ ಎನ್ನುತ್ತಾರೆ, ಔಷಧಿಯಿಂದಲೇ ಬಂದ ಮೂಗಿನ ಊತ ಎಂದರ್ಥ. ನಾಲ್ಕು ವರ್ಷ ದಿಂಬಿನ ಕೆಳಗೆ ಈ ಬಾಟಲಿ ಇಟ್ಟುಕೊಂಡೇ ಮಲಗಿದವರನ್ನು ನಾನು ನೋಡಿದ್ದೇನೆ. ಅವರೂ ಬಿಟ್ಟರು. ನಿಮ್ಮಿಂದಲೂ ಆಗುತ್ತದೆ, ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಬಿಡುವ ಕ್ರಮ ಹೀಗೆ. ಎರಡೂ ಹೊಳ್ಳೆಗೆ ಒಟ್ಟಿಗೆ ನಿಲ್ಲಿಸಿದರೆ ರಾತ್ರಿ ಬಾಯಲ್ಲೇ ಉಸಿರಾಡಬೇಕಾಗಿ, ಎರಡನೆಯ ದಿನವೇ ಸೋತು ಬಾಟಲಿ ಹುಡುಕುತ್ತೀರಿ. ಆದ್ದರಿಂದ ಒಂದು ಹೊಳ್ಳೆ ಆರಿಸಿಕೊಳ್ಳಿ. ಸ್ವಲ್ಪ ಚೆನ್ನಾಗಿರುವ ಹೊಳ್ಳೆಯನ್ನೇ ಆರಿಸಿ. ಅದಕ್ಕೆ ಇವತ್ತಿನಿಂದ ಔಷಧಿ ಪೂರ್ತಿ ಬಂದ್, ಉಪ್ಪುನೀರು ಮಾತ್ರ, ದಿನಕ್ಕೆ ನಾಲ್ಕೈದು ಸಲವಾದರೂ ಸರಿ. ಇನ್ನೊಂದು ಹೊಳ್ಳೆಗೆ ಲೇಬಲಿನಲ್ಲಿ ಹೇಳಿದಷ್ಟು ಸಲ ಮಾತ್ರ ಹಾಕುತ್ತಿರಿ, ಅದರಿಂದ ಉಸಿರಾಟ ನಡೆಯುತ್ತದೆ. ಎರಡು ದಿಂಬು ಇಟ್ಟು ತಲೆ ಎತ್ತರಿಸಿ ಮಲಗಿ. ಮೊದಲ ಮೂರು ನಾಲ್ಕು ದಿನ ತೀರಾ ಕಷ್ಟ. ಒಂದು ವಾರ, ಕೆಲವರಿಗೆ ಎರಡು ವಾರದಲ್ಲಿ ಆ ಹೊಳ್ಳೆ ತಾನಾಗಿ ತೆರೆಯುತ್ತದೆ. ಆಮೇಲೆ ಎರಡನೆಯದನ್ನೂ ಹೀಗೇ ಬಿಡಿಸಿ.

ಇದಕ್ಕೆ ಡಾಕ್ಟರ್ ಸಹಾಯ ತಗೊಂಡರೆ ತುಂಬ ಸುಲಭವಾಗುತ್ತದೆ. ಸಾಮಾನ್ಯವಾಗಿ ಫ್ಲುಟಿಕಾಸೋನ್ ಅಥವಾ ಮೊಮೆಟಾಸೋನ್ ಎಂಬ ಸ್ಟೀರಾಯ್ಡ್ ಸ್ಪ್ರೇ ಬರೆದುಕೊಡುತ್ತಾರೆ. ಅಲರ್ಜಿಯವರಿಗೆ ಹೇಳಿದ ಸ್ಪ್ರೇಯೂ ಇದೇ. ಸ್ಟೀರಾಯ್ಡ್ ಅಂದ ಕೂಡಲೇ ಹೆದರಬೇಡಿ. ಪ್ರಮಾಣ ಬಹಳ ಕಡಿಮೆ, ಹೆಚ್ಚಾಗಿ ಮೂಗಿನಲ್ಲೇ ಕೆಲಸ ಮಾಡುತ್ತದೆ, ಡಾಕ್ಟರ್ ನೋಡಿಕೊಳ್ಳುತ್ತಿದ್ದರೆ ತಿಂಗಳುಗಟ್ಟಲೆ ಹಾಕಬಹುದು, ಹೀಗೆ ಮರಳಿ ಕಟ್ಟುವುದೂ ಇಲ್ಲ. ಆದರೆ ಇದು ಹತ್ತು ನಿಮಿಷದಲ್ಲಿ ಮೂಗು ಬಿಡಿಸುವುದಿಲ್ಲ. ಪೂರ್ತಿ ಪರಿಣಾಮಕ್ಕೆ ಹಲವು ದಿನ, ಕೆಲವೊಮ್ಮೆ ಎರಡು ವಾರ ಬೇಕು. ಎರಡು ದಿನ ಹಾಕಿ "ಇದು ಕೆಲಸ ಮಾಡಲ್ಲ" ಎಂದು ಹಳೆಯ ಬಾಟಲಿಗೆ ಮರಳುವವರೇ ಹೆಚ್ಚು. ದಿನಾ ತಪ್ಪದೆ ಹಾಕಿ.

ಇಷ್ಟಾದರೂ ಒಂದು ಹೊಳ್ಳೆ ತೆರೆಯದಿದ್ದರೆ ಇಎನ್‌ಟಿ ಡಾಕ್ಟರಿಗೆ ತೋರಿಸಿ. ಮೊದಲ ದಿನ ಡ್ರಾಪ್ಸ್ ಹಾಕಲು ಕಾರಣವಾದ ತೊಂದರೆ ಒಳಗೆ ಹಾಗೇ ಇರಬಹುದು: ನಡುವಿನ ಗೋಡೆ ವಾರೆಯಾಗಿರುವುದು, ಅಥವಾ ಪಾಲಿಪ್ ಎಂಬ ದ್ರಾಕ್ಷಿಯಂಥ ಮೆತ್ತನೆಯ ಗಂಟು ಬೆಳೆದಿರುವುದು. ಹೋಗುವಾಗ ಖಾಲಿಯಾದ ಡ್ರಾಪ್ಸ್ ಬಾಟಲಿಯನ್ನೂ ಜೊತೆಗೆ ತಗೊಂಡು ಹೋಗಿ. ಎಷ್ಟು ದಿನದಿಂದ, ದಿನಕ್ಕೆ ಎಷ್ಟು ಸಲ ಹಾಕಿದ್ದೀರಿ ಎಂದು ಮುಚ್ಚಿಡದೆ ಹೇಳಿ. ಅದು ಗೊತ್ತಾದರೆ ಅವರು ಚಿಕಿತ್ಸೆ ಎಲ್ಲಿಂದ ಶುರುಮಾಡಬೇಕೆಂದು ಬೇಗ ತೀರ್ಮಾನಿಸುತ್ತಾರೆ.